ಕಿಡಿ ದಾಟುವಷ್ಟು ಜಾಗ

ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ತುಣುಕುಗಳು ಎದುರುಬದುರು ನಿಂತಿರುತ್ತವೆ. ನಡುವಿನ ಜಾಗ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಕಿಡಿ ಅದನ್ನು ದಾಟಿದರೆ ಮಾತ್ರ ಪೆಟ್ರೋಲ್ ಗಾಡಿ ಓಡುತ್ತದೆ. ಮೈಸೂರಿನಲ್ಲಿ ನನ್ನ ಸೋದರಮಾವನದೊಂದು ಗ್ಯಾರೇಜಿದೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದಾಗಿನಿಂದ ಈ ಜಾಗ ಅಳೆಯುವ ಕೆಲಸ ನನ್ನದು. ಕಾಲೇಜು ಮುಗಿಸಿ ಸಂಜೆ ಹೋಗುತ್ತೇನೆ.

ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯಾದರೆ ಕಷ್ಟವಿಲ್ಲ. ಮ್ಯಾನ್ಯುಯಲ್‌ನಲ್ಲಿ ಅಂಕಿ ಇರುತ್ತದೆ. ಫೀಲರ್ ಗೇಜಿನಲ್ಲಿ ಆ ದಪ್ಪದ ಎಲೆ ಹುಡುಕಿ ತೂರಿಸಿದರಾಯಿತು. ಕಳೆದ ವರ್ಷ ಬಂದ ಹಳೆಯ ಎಸ್ಟೀಮ್ ಹಾಗಿರಲಿಲ್ಲ. ಅದರ ಮಾಲೀಕ ಹುಡುಗ ಬೇರೆ ಕಡೆ ಟರ್ಬೊ ಹಾಕಿಸಿಕೊಂಡು ಬಂದಿದ್ದ. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಚಾಮುಂಡಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ ಮುಗ್ಗರಿಸುತ್ತಿತ್ತು. ನಂಜನಗೂಡು ರಸ್ತೆಯಲ್ಲಿ ಲಾರಿ ಹಿಂದಿಕ್ಕುವಾಗಲೂ ಹಾಗೇ ಆಗಿ, ಎದುರಿಗೆ ಬಸ್ಸು ಬಂದು, ಹುಡುಗ ಬೆವತುಹೋಗಿದ್ದ. ಟರ್ಬೊ ಹಾಕಿದವರು ಪ್ಲಗ್ಗು ಮುಟ್ಟಿರಲಿಲ್ಲ. ಗ್ಯಾಪ್ 0.8 ಮಿ.ಮೀ. ಇತ್ತು.

ಅನಿಲದಲ್ಲಿ ಕಿಡಿ ಹಾರಲು ಎಷ್ಟು ವೋಲ್ಟೇಜು ಬೇಕೆಂಬುದು ಒತ್ತಡ ಮತ್ತು ದೂರ ಇವೆರಡರ ಗುಣಲಬ್ಧದ ಮೇಲೆ ನಿಂತಿದೆ ಎಂದು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ತೋರಿಸಿದ್ದ. ಟರ್ಬೊ ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುತ್ತದೆ, ಒತ್ತಡ ಏರುತ್ತದೆ. ಜಾಗ ಅಷ್ಟೇ ಇದ್ದರೆ ಹೆಚ್ಚು ವೋಲ್ಟೇಜು ಬೇಕು. ಕಾಯಿಲ್ ಕೊಡುವುದಕ್ಕೆ ಮಿತಿಯಿದೆ. ಹಾಗಾಗಿ ಗಾಡಿಗೆ ಶಕ್ತಿ ಬಹಳ ಬೇಕಾದ ಹೊತ್ತಿನಲ್ಲೇ ಕಿಡಿ ಕೈಕೊಡುತ್ತದೆ.

"ಹಾಗಾದ್ರೆ ಆದಷ್ಟು ಕಿರಿದು ಮಾಡಿಬಿಡೋಣ ಮಾವ" ಎಂದೆ.

"ತೀರಾ ಹತ್ರ ಇಟ್ರೆ ಕಿಡಿ ಹುಟ್ಟುತ್ತೆ, ಬೆಂಕಿ ಬೆಳೆಯಲ್ಲ ಕಣೇ" ಎಂದರು.

ಪಾಶೆನ್ ಹೆಸರು ಅವರು ಕೇಳಿದವರಲ್ಲ. ಆದರೆ ಮಾತು ನಿಜ: ಆಗತಾನೇ ಹುಟ್ಟಿದ ಜ್ವಾಲೆಯ ಬಿಸಿಯನ್ನು ಹತ್ತಿರದ ಲೋಹವೇ ಹೀರಿಬಿಡುತ್ತದೆ.

ನಡುವಿನ ಎಲೆಕ್ಟ್ರೋಡನ್ನು ಮುಟ್ಟದೆ, ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲಗೆ ಬಾಗಿಸಿ ನಾಲ್ಕೂ ಪ್ಲಗ್ಗುಗಳನ್ನು 0.7ಕ್ಕೆ ತಂದೆ. ಹುಡುಗ ಬೆಟ್ಟ ಹತ್ತಿ ಬಂದ. ಮುಗ್ಗರಿಕೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. 0.6ಕ್ಕೆ ತಂದಾಗ ಪೂರ್ತಿ ಹೋಯಿತು. ಗೊತ್ತಾಗಲಿ ಎಂದು ಮಾವ 0.5 ಮಾಡಿಸಿದರು, ಗಾಡಿ ನಿಂತಲ್ಲೇ ನಡುಗತೊಡಗಿತು. ಮತ್ತೆ 0.6ಕ್ಕೇ ಬಂದೆವು. ಪ್ರತಿ ಸಲವೂ ನಾನು ಕಣ್ಣಿನಿಂದ ನೋಡಿದ್ದನ್ನು ಮಾವ ಬೆರಳಿನಿಂದ ನೋಡುತ್ತಿದ್ದರು. ಗೇಜಿನ ಎಲೆ ಎಳೆದರೆ ತುಸು ಹಿಡಿದ ಹಾಗಾಗಬೇಕು, ಸಿಕ್ಕಿಕೊಳ್ಳಬಾರದು. ಮೂರನೇ ಪ್ಲಗ್ಗು ಬಿಗಿಯೆಂದು ಎರಡು ಸಲ ವಾಪಸು ಕೊಟ್ಟರು. ನನ್ನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತ್ತು.

"ಎಲ್ಲಾ ಟರ್ಬೊ ಗಾಡಿಗೂ ಇದೇ ಅಳತೆನಾ ಅಂಕಲ್?" ಹುಡುಗ ಕೇಳಿದ.

"ಇಲ್ಲಪ್ಪ. ಇದು ನಿನ್ನ ಗಾಡೀದು. ಅದೂ ಇವತ್ತಿಂದು. ಓಡ್ತಾ ಓಡ್ತಾ ಸವೆದು ಅಗಲ ಆಗುತ್ತೆ, ಆಗಾಗ ಬಂದು ತೋರಿಸು."

ಹೀಗೆ ತಾವೇ ಹುಡುಕಿದ ಅಳತೆಗಳನ್ನು ಮಾವ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅದರಲ್ಲಿರುವುದೆಲ್ಲ ಅವರ ದುಂಡನೆಯ ಅಕ್ಷರ. ಅಂದು ಪುಸ್ತಕ ನನ್ನ ಕಡೆ ತಳ್ಳಿದರು. ಗಾಡಿಯ ನಂಬರು, ತಾರೀಖು, 0.6 ಎಂದು ಬರೆದೆ. ಓದಿ ಹೇಳು ಎಂದರು. ಓದಿದೆ.