ಹಿಂದೆ ಬರುವ ಮನೆಯ ಗಾಲಿಗಳು

ಬೇಸಿಗೆಯ ರಜೆ ಸಮೀಪಿಸಿತೆಂದರೆ ಅಮೇರಿಕದಲ್ಲಿ ನೆಲೆಸಿರುವ ನಮ್ಮ ಸಮಾಜದ ಕೆಲವು ಕುಟುಂಬಗಳಲ್ಲಿ ಒಂದು ಚರ್ಚೆ ತಪ್ಪದೆ ಎದ್ದು ನಿಲ್ಲುತ್ತದೆ. ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರಾವೆಲ್ ಟ್ರೇಲರಿನ ಗಾಲಿಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಬೇಕೆ, ಬೇಡವೆ ಎಂಬುದೇ ಆ ಚರ್ಚೆ. ಗಾಲಿಯೊಂದಕ್ಕೆ ಇಪ್ಪತ್ತು ಡಾಲರಿನ ಮಾತು. ಇಷ್ಟಕ್ಕೆ ಇಷ್ಟೊಂದು ವಾದವೇಕೆಂದು ನಾಡಿನಲ್ಲಿರುವ ಓದುಗ ಬಂಧುಗಳು ಕೇಳಬಹುದು. ಆದರೆ ಆ ಗಾಲಿಗಳ ಮೇಲೆ ಮೂರು ಟನ್ನಿಗೆ ಸಮೀಪದ ಭಾರ ಉರುಳುತ್ತಿರುತ್ತದೆ. ಅದಕ್ಕೆ ಹತ್ತಡಿ ಮುಂದೆ, ಹಿಂಬದಿಯ ಆಸನದಲ್ಲಿ, ನಮ್ಮ ಮೊಮ್ಮಕ್ಕಳು ನಿದ್ರಿಸುತ್ತಿರುತ್ತಾರೆ.

ಟ್ರೇಲರೆಂದರೆ ನಮ್ಮ ಹಳ್ಳಿಗಳಲ್ಲಿ ಕಬ್ಬು ಹೇರುವ ಟ್ರ್ಯಾಕ್ಟರಿನ ಟ್ರೇಲರೇ ಕಣ್ಮುಂದೆ ಬರುವುದು ಸಹಜ. ಇದು ಬೇರೆ. ಒಲೆ, ಹಾಸಿಗೆ, ಬಚ್ಚಲು, ನೀರಿನ ತೊಟ್ಟಿ ಎಲ್ಲವೂ ಇರುವ ಪುಟ್ಟ ಮನೆಯೊಂದನ್ನು ಅಚ್ಚಿನ ಮೇಲೆ ಕೂರಿಸಿದಂತಿರುತ್ತದೆ. ನಾವು ವಾಸಿಸುವ ಮಿಷಿಗನ್ ರಾಜ್ಯದ ದಕ್ಷಿಣಕ್ಕೆ ಹೊಂದಿಕೊಂಡ ಇಂಡಿಯಾನಾದ ಎಲ್ಕ್‌ಹಾರ್ಟ್ ಪರಿಸರದಲ್ಲಿಯೇ ಈ ದೇಶದ ಇಂಥ ಮನೆಗಳ ಬಹುಪಾಲು ತಯಾರಾಗುತ್ತವೆ. ನಮ್ಮದು 24 ಅಡಿ ಉದ್ದದ್ದು. ಎರಡು ಅಚ್ಚು, ನಾಲ್ಕು ಗಾಲಿ. ಹೊರಗಿನ ಊಟ ಒಗ್ಗದ ನಮ್ಮಂಥವರಿಗೆ ಇದರಿಂದಾಗುವ ಅನುಕೂಲವನ್ನು ಬಣ್ಣಿಸಬೇಕಿಲ್ಲ. ಪ್ರಾತಃಕಾಲದಲ್ಲಿ ನಿಶ್ಚಿಂತೆಯಿಂದ ಇಷ್ಟಲಿಂಗ ಪೂಜೆ, ಬಳಿಕ ಬಿಸಿ ರೊಟ್ಟಿ, ಹೊರಗೆ ಪೈನ್ ಮರಗಳ ಗಾಳಿ. ಉತ್ತರ ಅಮೇರಿಕದ ವೀರಶೈವ ಸಮಾಜದ ವಾರ್ಷಿಕ ಸಮ್ಮೇಳನಕ್ಕೆ ದೂರದ ಊರಿಗೆ ಹೋಗಬೇಕಾದಾಗಲೂ ನಮ್ಮೊಡನೆ ಈ ಮನೆ ಬರುತ್ತದೆ.

ಹೊಸದಾಗಿ ಕಾರ್ಖಾನೆಯಿಂದ ಹೊರಬೀಳುವ ಅನೇಕ ಟ್ರೇಲರುಗಳ ಗಾಲಿಗಳಿಗೆ ಬ್ಯಾಲೆನ್ಸಿಂಗ್ ಮಾಡಿರುವುದೇ ಇಲ್ಲ. ನಮ್ಮದೂ ಹಾಗೆಯೇ ಬಂದಿತ್ತು. ರಿಮ್ಮಿನ ಅಂಚಿನಲ್ಲಿ ಸಮತೋಲಕ್ಕಾಗಿ ಕೂರಿಸುವ ತೂಕದ ತುಂಡು ಒಂದೂ ಇರಲಿಲ್ಲ. ವಿಚಾರಿಸಿದರೆ, ಟ್ರೇಲರಿಗೆ ಅದರ ಅಗತ್ಯವಿಲ್ಲವೆಂದು ಮಾರಾಟಗಾರರು ನಗುತ್ತ ಹೇಳಿದರು. ದಾವಣಗೆರೆಯ ಕಡೆಯವರಾದ ನಮ್ಮ ಹಿರಿಯ ಮಿತ್ರರದೂ ಅದೇ ಅಭಿಪ್ರಾಯ. "ಅದರೊಳಗೆ ಯಾರು ಕೂತಿರ್ತಾರೆ ಸ್ವಾಮಿ? ಕುಲುಕಿದರೆ ಕುಲುಕಲಿ ಬಿಡಿ" ಎಂದರು. ಇಪ್ಪತ್ತು ವರ್ಷಗಳಿಂದ ಟ್ರೇಲರು ಎಳೆದವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಅವರ ವಾದದಲ್ಲಿ ಹುರುಳಿದೆ. ಟ್ರೇಲರಿನ ಗಾಲಿಗಳಿಗೆ ಸ್ಟಿಯರಿಂಗ್ ಇಲ್ಲ, ಎಂಜಿನ್ನಿನ ಸಂಬಂಧವಿಲ್ಲ. ಅವು ಕೇವಲ ಹೊತ್ತು ಉರುಳುವ ಗಾಲಿಗಳು. ಟೈರಿನ ಪಕ್ಕದ ಗೋಡೆ ಕಾರಿನ ಟೈರಿಗಿಂತ ಬಿರುಸು. ರಸ್ತೆಯ ಒಂದು ಗುಂಡಿ ಕೊಡುವ ಪೆಟ್ಟಿನ ಮುಂದೆ ಕೆಲವು ಗ್ರಾಮುಗಳ ಅಸಮತೋಲ ಯಾವ ಲೆಕ್ಕ? ಎಲ್ಲಕ್ಕೂ ಮಿಗಿಲಾಗಿ, ಟ್ರೇಲರಿನ ಟೈರು ಸಾಮಾನ್ಯವಾಗಿ ಸವೆದು ಸಾಯುವುದಿಲ್ಲ, ಮುಪ್ಪಿನಿಂದ ಸಾಯುತ್ತದೆ. ವರ್ಷದ ಬಹುಭಾಗ ಬಿಸಿಲಿನಲ್ಲಿ ನಿಂತೇ ಇರುವ ಟೈರಿನ ಸವೆತ ಒಂದೇ ಸಮನಾಗಿರಲೆಂದು ಹಣ ಸುರಿಯುವುದೇಕೆ ಎಂಬ ಪ್ರಶ್ನೆಗೆ ತಕ್ಷಣ ಉತ್ತರ ಹೇಳುವುದು ಕಷ್ಟ.

ನಮಗೆ ಉತ್ತರ ದೊರೆತದ್ದು ಅಡುಗೆಯ ಕಪಾಟಿನಲ್ಲಿ. ಮಿಷಿಗನ್ನಿನಿಂದ ಹೊರಟು, ಷಿಕಾಗೊ ನಗರವನ್ನು ಬಳಸಿ, 90ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಸೌತ್ ಡಕೋಟಾವನ್ನು ದಾಟಿ ಯೆಲ್ಲೋಸ್ಟೋನ್ ಉದ್ಯಾನಕ್ಕೆ ಹೋಗಿಬಂದೆವು. ಎರಡೂ ದಿಕ್ಕು ಸೇರಿ ಮೂರು ಸಾವಿರ ಮೈಲಿಗೂ ಮಿಗಿಲಾದ ಪ್ರಯಾಣ. ಹಿಂದಿರುಗಿದ ಮೇಲೆ ಸಾಮಾನು ಇಳಿಸುವಾಗ ಕಂಡದ್ದು ಇದು: ಒಂದು ಬದಿಯ ಕಪಾಟಿನ ಬಿಜಾಗರಿಯ ಎರಡು ಸ್ಕ್ರೂಗಳು ತಾವಾಗಿಯೇ ಕಳಚಿ ಕೆಳಗೆ ಬಿದ್ದಿದ್ದವು, ಶೇಂಗಾ ಚಟ್ನಿಯ ಭರಣಿಯ ಮುಚ್ಚಳ ತಿರುಗಿ ತಿರುಗಿ ಸಡಿಲವಾಗಿತ್ತು, ಊರಿನಿಂದ ತಂದಿದ್ದ ವಿಭೂತಿ ಗಟ್ಟಿ ಡಬ್ಬಿಯೊಳಗೆ ನುಣ್ಣನೆಯ ಪುಡಿಯಾಗಿತ್ತು. ಗುಂಡಿಯ ಪೆಟ್ಟಿಗೆ ಗಟ್ಟಿ ಒಡೆದು ಎರಡು ಹೋಳಾಗಬೇಕಿತ್ತು, ಬೀಸಿದಂತೆ ಪುಡಿಯಾಗುವುದು ಬೇರೆ ಬಗೆಯ ಕುಲುಕಾಟದಿಂದ. ವಿಶೇಷವೆಂದರೆ ಇವೆಲ್ಲ ಬಲಬದಿಯ ಗಾಲಿಗಳ ಮೇಲ್ಭಾಗದಲ್ಲಿಯೇ ಇದ್ದವು. ಎಡಬದಿಯಲ್ಲಿ ಒಂದು ಲೋಟವೂ ಸ್ಥಳ ಬಿಟ್ಟಿರಲಿಲ್ಲ.

"ಕಾರಿನ ಗಾಲಿಗೆ ತೂಕ ಹಾಕಸ್ತೀರಿ, ಮನಿ ಗಾಲಿಗೆ ಯಾಕ ಬ್ಯಾಡಂತೀರಿ? ಕಾರು ನಡುಗಿದ್ರ ನಿಮ್ಮ ಕೈಗೆ ಗೊತ್ತಾಗತೈತಿ, ಇದು ನಡುಗಿದ್ರ ಯಾರಿಗೆ ಗೊತ್ತಾಗಬೇಕ್ರೀ?" ಎಂದು ನಮ್ಮ ಮನೆಯವರು ಕೇಳಿದರು. ಎರಡೂ ಪಕ್ಷದ ವಾದಗಳಲ್ಲಿ ಇದಕ್ಕಿಂತ ನೇರವಾದುದನ್ನು ನಾವು ಕೇಳಿಲ್ಲ. ಓಡುವ ಟ್ರೇಲರಿನೊಳಗೆ ಜನರು ಕೂರುವುದು ಅನೇಕ ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ಆದುದರಿಂದ ಅದರ ನಡುಕಕ್ಕೆ ಸಾಕ್ಷಿಯೇ ಇರುವುದಿಲ್ಲ. ಮಿತ್ರರು ಯಾರೂ ಕೂರುವುದಿಲ್ಲವೆಂಬುದನ್ನು ಬ್ಯಾಲೆನ್ಸಿಂಗ್ ಬೇಡವೆನ್ನಲು ಕಾರಣವಾಗಿ ಹೇಳಿದರು. ಅದೇ ಸಂಗತಿ ಬೇಕೆನ್ನಲು ಕಾರಣವೆಂಬುದು ನಮ್ಮ ಮನೆಯವರ ನಿಲುವು.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ಟೈರು 14 ಅಂಗುಲದ ರಿಮ್ಮಿನದು. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಹದಿನಾಲ್ಕು ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಕೇವಲ 50 ಗ್ರಾಂ ಹೆಚ್ಚಿದ್ದರೂ, ಕೇಂದ್ರದಿಂದ ಹೊರಕ್ಕೆ ಎಳೆಯುವ ಬಲವು ಆ ವೇಗದಲ್ಲಿ 7 ಕಿಲೋ ತೂಕಕ್ಕೆ ಸಮನಾಗುತ್ತದೆ. ಏಳು ಕಿಲೋ ಸುತ್ತಿಗೆಯೊಂದು ದೊಡ್ಡದೇನಲ್ಲ. ಆದರೆ ಅದು ಸೆಕೆಂಡಿಗೆ ಹದಿನಾಲ್ಕು ಬಾರಿ ಅಚ್ಚನ್ನು ಮೇಲೆ ಕೆಳಗೆ ಜಗ್ಗುತ್ತ, ಮುಂಜಾನೆಯಿಂದ ಸಂಜೆಯವರೆಗೆ ಬಿಡುವಿಲ್ಲದೆ ನಡೆದಿರುತ್ತದೆ. ಗುಂಡಿಯ ಪೆಟ್ಟು ಬಂದು ಹೋಗುತ್ತದೆ, ಇದು ಹೋಗುವುದಿಲ್ಲ. ಇನ್ನೊಂದು ಮಾತು: ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗ ಮಾತ್ರ. ಊರೊಳಗೆ ನಿಧಾನವಾಗಿ ಎಳೆಯುವಾಗ ಎಲ್ಲವೂ ಸರಿಯಿದ್ದಂತೆ ತೋರಿ, ಹೆದ್ದಾರಿಯಲ್ಲಿ ಬೇರೆಯೇ ಕಥೆಯಾಗುವುದು ಇದರಿಂದಲೇ.

ಬ್ಯಾಲೆನ್ಸಿಂಗ್ ಮಾಡಿಸಬೇಕೆಂದು ನಿಶ್ಚಯಿಸಿದ ಮೇಲೆ ಮತ್ತೊಂದು ತೊಡಕು ಎದುರಾಯಿತು. ಇದನ್ನು ನಮ್ಮ ಬಂಧುಗಳು ವಿಶೇಷವಾಗಿ ಗಮನಿಸಬೇಕೆಂದು ಅರಿಕೆ ಮಾಡಿಕೊಳ್ಳುತ್ತೇವೆ. ಕಾರಿನ ಗಾಲಿಯ ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಹೊಂದಿಕೊಂಡಿರುತ್ತದೆ. ಆ ತೂತೇ ಗಾಲಿಯ ಕೇಂದ್ರ. ಟ್ರೇಲರಿನ ಅನೇಕ ಗಾಲಿಗಳು ಹಾಗಲ್ಲ. ನಡುವಿನ ತೂತು ಸಡಿಲವಾಗಿರುತ್ತದೆ. ಗಾಲಿಯನ್ನು ಕೇಂದ್ರದಲ್ಲಿ ಕೂರಿಸುವುದು ಸುತ್ತಲಿನ ನಟ್ಟುಗಳು. ಬ್ಯಾಲೆನ್ಸಿಂಗ್ ಯಂತ್ರವೋ ರೂಢಿಯಂತೆ ನಡುವಿನ ತೂತಿಗೆ ಶಂಕುವಿನಾಕಾರದ ಹಿಡಿಕೆ ತೂರಿಸಿ ಗಾಲಿಯನ್ನು ತಿರುಗಿಸುತ್ತದೆ. ಹೀಗೆ ಮಾಡಿದರೆ ಯಂತ್ರ ತೋರಿಸುವ ಸೊನ್ನೆ ಯಂತ್ರದ ಮೇಲಿನ ಸೊನ್ನೆಯೇ ಹೊರತು ಅಚ್ಚಿನ ಮೇಲಿನದಲ್ಲ. ನಟ್ಟಿನ ತೂತುಗಳನ್ನೇ ಹಿಡಿದು ತಿರುಗಿಸುವ ಬೇರೊಂದು ತಟ್ಟೆಯನ್ನು ಯಂತ್ರಕ್ಕೆ ಜೋಡಿಸಿಕೊಳ್ಳಬೇಕು.

ನಾವು ಮೊದಲು ಹೋದ ಅಂಗಡಿಯಲ್ಲಿ ಆ ತಟ್ಟೆ ಇರಲಿಲ್ಲ. ಇದ್ದುದರಲ್ಲೇ ಮಾಡಿಕೊಡುತ್ತೇವೆ ಎಂದರು. ನಮಸ್ಕಾರ ಹೇಳಿ ಹೊರಬಂದೆವು. ಎರಡನೆಯ ಅಂಗಡಿ ಊರಾಚೆ, ರೈತರ ಟ್ರ್ಯಾಕ್ಟರ್ ಟೈರುಗಳನ್ನು ಸರಿಪಡಿಸುವಂಥದು. ಅಲ್ಲಿದ್ದ ವೃದ್ಧ ಮೇಸ್ತ್ರಿ ನಾವು ಕೇಳುವ ಮುನ್ನವೇ ಗೋಡೆಗೆ ತೂಗುಹಾಕಿದ್ದ ತಟ್ಟೆಯನ್ನು ಇಳಿಸಿ, ಐದು ಬೋಲ್ಟಿನ ತೂತುಗಳಿಗೆ ಹೊಂದಿಸತೊಡಗಿದರು. ಪ್ರತಿ ಗಾಲಿಯನ್ನೂ ಒಮ್ಮೆ ತಿರುಗಿಸಿ, ಸಡಿಲಿಸಿ, ಮತ್ತೊಮ್ಮೆ ಕೂರಿಸಿ ತಿರುಗಿಸಿದರು. ಎರಡು ಬಾರಿಯೂ ಅಂಕಿ ಒಂದೇ ಬಂದರೆ ಮಾತ್ರ ತೂಕ ಹಚ್ಚಿದರು. ಶರಣರು ಯಾವುದನ್ನು ಕಾಯಕವೆಂದರೋ ಅದನ್ನು ನಾವು ಅಂದು ಕಣ್ಣಾರೆ ಕಂಡೆವು. ಎಡಬದಿಯ ಎರಡೂ ಗಾಲಿಗಳಲ್ಲಿ ಅಸಮತೋಲ ಒಂದು ಔನ್ಸನ್ನು ಮೀರಿರಲಿಲ್ಲ. ಬಲಬದಿಯ ಹಿಂದಿನ ಗಾಲಿಯಲ್ಲಿ ಮಾತ್ರ ಮೂರು ಔನ್ಸ್, ಎಂದರೆ 85 ಗ್ರಾಂ! ಮೇಲಿನ ಲೆಕ್ಕದಂತೆ ಹನ್ನೆರಡು ಕಿಲೋ ಸಮೀಪದ ಎಳೆತ. ವಿಭೂತಿಯ ಡಬ್ಬಿ ಇದ್ದುದು ಸರಿಯಾಗಿ ಅದರ ಮೇಲೆ.

ಮುಂದಿನ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಬ್ಯಾಡ್‌ಲ್ಯಾಂಡ್ಸ್‌ವರೆಗೆ ಹೋಗಿಬಂದೆವು. ಸ್ಕ್ರೂಗಳು ಕಳಚಲಿಲ್ಲ. ವಿಭೂತಿ ಗಟ್ಟಿಯ ಅಂಚು ತುಸು ಸವೆದಿತ್ತು, ಅಷ್ಟೆ. ಚಟ್ನಿಯ ಭರಣಿಯೂ ಭದ್ರವಾಗಿತ್ತು. ಆದರೆ ಈ ಬಾರಿ ನಮ್ಮ ಮನೆಯವರು ಅದಕ್ಕೆ ಬಟ್ಟೆ ಸುತ್ತಿ ಕಟ್ಟಿದ್ದರಾದ್ದರಿಂದ ಅದನ್ನು ಸಾಕ್ಷಿಯಾಗಿ ಹಾಜರುಪಡಿಸಲಾರೆವು.

ಇಷ್ಟು ಹೇಳಿದ ಮಾತ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿದರೆ ಟೈರು ಸಿಡಿಯದು ಎಂದು ಯಾರೂ ಭಾವಿಸಬಾರದು. ನಮ್ಮ ಪರಿಚಯದ ಕುಟುಂಬವೊಂದರ ಟ್ರೇಲರಿನ ಟೈರು, ಚೆನ್ನಾಗಿ ಬ್ಯಾಲೆನ್ಸಿಂಗ್ ಆಗಿದ್ದ ಟೈರು, ನಡುಹಗಲಿನಲ್ಲಿ ಹೆದ್ದಾರಿಯ ಮೇಲೆ ಸಿಡಿದು, ಅದರ ಪಟ್ಟಿ ಬೀಸಿ ಬಡಿದು ಗಾಲಿಯ ಮೇಲಿನ ನೆಲಹಲಗೆಯನ್ನೇ ಸೀಳಿತು. ಮಕ್ಕಳಿಬ್ಬರು ಕಾರಿನಲ್ಲಿದ್ದರು, ಯಾರಿಗೂ ಅಪಾಯವಾಗಲಿಲ್ಲವೆಂಬುದೇ ಸಮಾಧಾನ. ಆ ಟೈರಿನ ಮೈ ಹೊಸದರಂತೆ ಹೊಳೆಯುತ್ತಿತ್ತಂತೆ, ವಯಸ್ಸು ಮಾತ್ರ ಒಂಬತ್ತು ವರ್ಷ. ಟೈರಿನ ಪಕ್ಕದಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳ ಮುಂದಿನ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿದರೆ ಜನ್ಮಕುಂಡಲಿಯೇ ಸಿಗುತ್ತದೆ: 1421 ಎಂದಿದ್ದರೆ 2021ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಐದಾರು ವರ್ಷವಾದ ಟ್ರೇಲರಿನ ಟೈರನ್ನು ಮೈ ಎಷ್ಟೇ ಚೆನ್ನಾಗಿದ್ದರೂ ಬದಲಿಸುವುದು ಲೇಸು.

ಗಾಳಿಯ ವಿಷಯವೂ ಹಾಗೆಯೇ. ನಮ್ಮ ಟೈರಿನ ಮೇಲೆ 1,760 ಪೌಂಡ್ ಹೊರುವ ಸಾಮರ್ಥ್ಯವೆಂದು ಬರೆದಿದೆ; ಆದರೆ ಅದು 50 ಪಿ.ಎಸ್.ಐ. ಗಾಳಿಯಿದ್ದಾಗ ಮಾತ್ರ. ಗಾಳಿ ಇಳಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ, ಪಕ್ಕದ ಗೋಡೆ ಬಾಗಿ ಬಾಗಿ ಕಾಯುತ್ತದೆ, ಕಾದ ಟೈರು ಸಿಡಿಯುತ್ತದೆ. ಮುಂಜಾನೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ವೇಗದ ಮಿತಿಯೂ ಉಂಟು. ಬೇರೆ ಗುರುತಿಲ್ಲದಿದ್ದರೆ ಟ್ರೇಲರಿಗೆಂದೇ ಮಾಡಿದ ಅನೇಕ ಟೈರುಗಳಿಗೆ ಗಂಟೆಗೆ 65 ಮೈಲಿಯೇ ಗಡಿ. ರಸ್ತೆಯ ಫಲಕದಲ್ಲಿ 80 ಎಂದು ಬರೆದಿರುವುದು ಕಾರಿಗೆ, ಅದರ ಹಿಂದಿನ ಟೈರಿಗಲ್ಲ.

ಹೇರಿನ ಮಾತಂತೂ ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಿರಲಿಲ್ಲ. ಚಕ್ಕಡಿಗೆ ಚೀಲ ಹೇರುವಾಗ ಹಿಂಭಾರವಾದರೆ ನೊಗ ಎತ್ತಿನ ಕುತ್ತಿಗೆ ಬಿಟ್ಟು ಮೇಲೇಳುತ್ತದೆ, ಮುಂಭಾರವಾದರೆ ಎತ್ತು ಕುಸಿಯುತ್ತದೆ. ಅಚ್ಚಿನ ಮೇಲೆ ಭಾರ ನಿಲ್ಲಿಸಿ, ನೊಗದ ಮೇಲೆ ತುಸುವೇ ಬೀಳುವಂತೆ ಹೇರುವುದು ಅವರ ಕೈಗೆ ಗೊತ್ತಿತ್ತು. ಇಲ್ಲಿಯೂ ಅದೇ ನಿಯಮ, ಅಂಕಿಯಲ್ಲಿ ಹೇಳುತ್ತಾರೆ ಅಷ್ಟೆ: ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮುಂದಿನ ಕೊಂಡಿಯ ಮೇಲಿರಬೇಕು. ಕಡಿಮೆಯಾದರೆ ಟ್ರೇಲರು ವೇಗದಲ್ಲಿ ಅತ್ತಿಂದಿತ್ತ ಬಾಲ ಬೀಸತೊಡಗುತ್ತದೆ. ಆ ಓಲಾಟಕ್ಕೆ ಬ್ಯಾಲೆನ್ಸಿಂಗ್ ಔಷಧವಲ್ಲ. ಲಾರಿಗಳು ನಿಲ್ಲುವ ತಂಗುದಾಣಗಳಲ್ಲಿ ತೂಗುವ ವೇಬ್ರಿಡ್ಜ್ ಇರುತ್ತದೆ. ನೀರು, ಪಾತ್ರೆ, ಹಿಟ್ಟಿನ ಡಬ್ಬಿಗಳ ಸಮೇತ ತೂಗಿಸಿದಾಗ ನಮ್ಮದು 6,300 ಪೌಂಡ್ ಬಂದಿತು. ಕೊಂಡಿಯ ಮೇಲೆ 760.

ಹಾಗಾದರೆ ಕ್ರಮ ಯಾವುದೆಂದು ಕೇಳುವವರಿಗೆ ನಾವು ಹೇಳುವುದು: ಟೈರಿನ ವಯಸ್ಸು, ಗಾಳಿ, ಹೇರು ಇವುಗಳಿಗೆ ಅಗ್ರಸ್ಥಾನ. ಬ್ಯಾಲೆನ್ಸಿಂಗ್ ಅವುಗಳ ನಂತರ. ಆದರೆ ಪಟ್ಟಿಯಿಂದ ಹೊರಗಲ್ಲ. ಹೊಸ ಟೈರು ಹಾಕಿಸುವ ದಿನವೇ, ಸರಿಯಾದ ತಟ್ಟೆಯಿರುವ ಅಂಗಡಿಯಲ್ಲಿ ಮಾಡಿಸಿದರೆ ಎರಡನೆಯ ಖರ್ಚಿಲ್ಲ. ಗಾಲಿ ಬಿಚ್ಚಿದಾಗಲೇ ಬೇರಿಂಗಿನ ಗ್ರೀಸನ್ನೂ ನೋಡಿಸಿಕೊಳ್ಳಬಹುದು. ಗಾಲಿಯನ್ನು ಮರಳಿ ಕೂರಿಸಿ 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಪಾನಾದಿಂದ ಬಿಗಿ ಮಾಡತಕ್ಕದ್ದು. ಹಳೆಯ ಕಾಲದ ಗಾಡಿಯವರು ದಾರಿಯಲ್ಲಿ ಇಳಿದು ಕಡಾಣಿ ಮುಟ್ಟಿ ನೋಡುತ್ತಿದ್ದಂತೆ.

ದಾವಣಗೆರೆಯ ಮಿತ್ರರು ಈಗಲೂ ಒಪ್ಪಿಲ್ಲ. ಎಂಬತ್ತು ಡಾಲರಿಗೆ ಎಷ್ಟು ವಿಭೂತಿ ಗಟ್ಟಿ ಬರುತ್ತವೆಂದು ಲೆಕ್ಕ ಹಾಕಿ ತೋರಿಸುತ್ತಾರೆ. ನಮ್ಮ ಲೆಕ್ಕವೂ ಎಂಬತ್ತಕ್ಕೆ ಮುಗಿದಿಲ್ಲ. ಟ್ರೇಲರಿನ ಹಿಂಭಾಗಕ್ಕೆ ಬಿಗಿದಿರುವ ಐದನೆಯ ಗಾಲಿ ಕಾರ್ಖಾನೆಯಿಂದ ಬಂದಂತೆಯೇ ಇದೆ. ಮುಂದಿನ ಶನಿವಾರ ಅದನ್ನೂ ಆ ಮೇಸ್ತ್ರಿಯ ಬಳಿಗೆ ಒಯ್ಯುವುದಿದೆ.