ಮಾವನ ಪಂಪ್ ಕೋವಿ

ಈ ಸಲ ಕರಿ ಇಶಾಡ ಹಣ್ಣಿನ ಸಾಸಿವೆ ಮಾಡೂದು ಹೇಗೆ ಅಂತ ಬರೀತೆ ಅಂದಿದ್ದೆ. ಅದು ಮುಂದಿನ ಸಲ. ಹೋದ ವಾರ ನಾ ಅಂಕೋಲೆಯಲ್ಲಿ ಪೊಲೀಸ್ ಠಾಣೆ ಮೆಟ್ಟಿಲು ಇಳಿದು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹಳೆ ಸೀರೆ ಸುತ್ತಿದ ಕೋವಿ ಹಿಡ್ಕಂಡು ರಿಕ್ಷಾ ಹತ್ತಿದ್ದನ್ನ ಯಾರೋ ನೋಡಿದ್ರಂತೆ. ಅವತ್ತು ಸಂಜೆಯಿಂದ ಫೋನೇ ಫೋನು. “ಹೆಂಗಸ್ರಿಗೆ ಎಂತಕ್ಕೆ ಮಾರಾಯ್ತಿ ಅದು?” ಅಂತ ಒಬ್ರು. “ಮನೆಲಿ ಎಲ್ಲಾ ಸರಿ ಇದ್ಯಾ?” ಅಂತ ಇನ್ನೊಬ್ರು. ಎಲ್ಲಾ ಸರಿ ಇದೆ. ಒಬ್ಬೊಬ್ಬರಿಗೆ ಹೇಳೂ ಬದ್ಲು ಎಲ್ಲರಿಗೂ ಒಂದೇ ಸಲ ಹೇಳ್ತೆ. ಇದ್ರಲ್ಲಿ ಕಾರವಾರದ ಅತ್ತಿಗೆ ಸುದ್ದಿನೂ ಬರ್ತದೆ. ಅವ್ರಿಗೆ ಫೋನಲ್ಲಿ ಪೂರ್ತಿ ಓದಿ ಹೇಳಿ, ಹೂಂ ಅನ್ನಿಸ್ಕಂಡೇ ಹಾಕಿದ್ದು.

ಅದು ಮಾವನ ಕೋವಿ. ಪಂಪ್ ಕೋವಿ. ಹಾಗಂದ ಕೂಡ್ಲೆ ಕೆಳಗಿನ ಮನೆ ಚಿಕ್ಕಮ್ಮ “ತೋಟಕ್ಕೆ ನೀರು ಬಿಡೂದಾ?” ಅಂದ್ರು. ನಮ್ಮ ಬದಿಗೆ ಬೆಳೆ ಕಾಯೂಕೆ ಅಂತ ಇರೂದು ಹೆಚ್ಚಾಗಿ ಬಾಯಿಂದ ಮದ್ದು ತುಂಬೋ ಕೇಪಿನ ಕೋವಿ. ಇಲ್ಲಾಂದ್ರೆ ನಡು ಮುರಿದು ಒಂದೇ ತೋಟಾ ಹಾಕೋ ಒಂಟಿ ನಳಿಗೆಯದು. ಇದು ಹಾಗಲ್ಲ. ನಳಿಗೆ ಅಡಿಗೆ ಇನ್ನೊಂದು ಕೊಳವೆ ಇದೆ. ಅದ್ರೊಳಗೆ ತೋಟಾಗಳು ಒಂದರ ಹಿಂದೆ ಒಂದು ಮಲಗಿರ್ತವೆ. ಎಡಗೈಯಲ್ಲಿ ಹಿಡಿಯೋ ಮರದ ಹಿಡಿಕೆ ಹಿಂದೆ ಎಳೆದ್ರೆ ಖಾಲಿ ತೋಟಾ ಹೊರಗೆ ಹಾರ್ತದೆ, ಮುಂದೆ ನೂಕಿದ್ರೆ ಹೊಸತು ಬಂದು ಕೂತ್ಕಳ್ತದೆ. ಖರ್ರ್, ಖಟಕ್. ಆ ಸದ್ದು ಕೇಳಿದ್ರೆ ನಮ್ಮ ಮನೆ ನಾಯಿ ಮಂಚದಡಿಗೆ ಹೋಗ್ತಿತ್ತು. ಹನ್ನೆರಡು ಬೋರ್ ಅಂತ ಹೇಳ್ತಾರಲ್ಲ, ಆ ಲೆಕ್ಕನೂ ನಂಗೆ ಈಗ ತಿಳೀತು. ನಳಿಗೆ ಬಾಯಿಗೆ ಸರಿಯಾಗುವಂಥ ಸೀಸದ ಗುಂಡು ಹನ್ನೆರಡು ತೂಗಿದ್ರೆ ಒಂದು ಪೌಂಡು, ಅಂದ್ರೆ 453 ಗ್ರಾಂ. ಅದಕ್ಕೇ ಹನ್ನೆರಡು.

ಮಾವ ಅದನ್ನ ತಂದಿದ್ದು 1978ರಲ್ಲಿ. ಆ ವರ್ಷ ಅಡಿಕೆ ಚೊಲೋ ಬಂದಿತ್ತು. ಅತ್ತೆಗೆ ಎರಡು ಬಂಗಾರದ ಬಳೆ ಮಾಡಿಸೂದು ಅಂತ ನಿಶ್ಚಯ ಆಗಿತ್ತಂತೆ, ಅಕ್ಕಸಾಲಿಗೆ ಅಳತೆನೂ ಕೊಟ್ಟಾಗಿತ್ತು. ಅಷ್ಟರಲ್ಲಿ ಹಳಿಯಾಳ ಬದಿಯ ಮರದ ಕಂಟ್ರಾಕ್ಟರ್ ಒಬ್ರು ವಯಸ್ಸಾಯ್ತು ಅಂತ ತಮ್ಮ ಕೋವಿ ಮಾರ್ತ್ರು ಅನ್ನೋ ಸುದ್ದಿ ಬಂತು. ಮಾವ ನೋಡ್ಕಂಡು ಬತ್ತೆ ಅಂತ ಹೋದವ್ರು ಬರುವಾಗ ಬಳೆ ದುಡ್ಡು ಇರ್ಲಿಲ್ಲ. ಲೈಸನ್ಸಿಗೆ ಬರೆಸೂದು, ಕಾರವಾರಕ್ಕೆ ಓಡಾಡೂದು, ಎಲ್ಲಾ ಮುಗಿದು ಕೋವಿ ಮನೆಗೆ ಬಂದ ದಿನ ಅತ್ತೆ ಅಡುಗೆ ಮಾಡ್ಲಿಲ್ಲವಂತೆ. ನಾ ಮದುವೆಯಾಗಿ ಬಂದ ವಾರದಲ್ಲೇ ಜಗಲಿ ಗೋಡೆ ತೋರಿಸಿ ಅವ್ರು ಹೇಳಿದ್ದು: “ನನ್ನ ಬಳೆ ನೋಡು ತಂಗಿ, ಅಲ್ಲಿ ತೂಗ್ತದೆ.”

ಆಗ ನಂಗೂ ಅತ್ತೆ ಮಾತೇ ಸರಿ ಅನ್ನಿಸಿತ್ತು. ಹೊಡೆದಿದ್ದು ಎಷ್ಟು, ಒರೆಸಿದ್ದು ಎಷ್ಟು! ವರ್ಷಕ್ಕೆ ನಾಕೈದು ತೋಟಾ ಖರ್ಚಾದ್ರೆ ಹೆಚ್ಚು. ಅದೂ ಹಂದಿ ಬಂದಾಗ ಮೇಲೆ ಮುಖ ಮಾಡಿ ಸದ್ದಿಗೆ. ಆದ್ರೆ ಪ್ರತಿ ಭಾನುವಾರ ಊಟ ಆದ ಮೇಲೆ ಮಾವ ಜಗಲಿ ಮೇಲೆ ಗೋಣಿ ಹಾಸಿ, ಕೋವಿ ಎರಡು ತುಂಡು ಮಾಡಿ, ಒಳಗೆ ಹೊರಗೆ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಹಾಕ್ತಿದ್ರು. ಆ ಎಣ್ಣೆ ನಂದು. ನಾ ರವಿಕೆ ಹೊಲಿಯೂಕೆ ಕೂತಾಗೆಲ್ಲಾ ಬಾಟ್ಲಿ ಖಾಲಿ.

ನಂಗೆ ಅದರ ರುಚಿ ತಿಳಿದಿದ್ದೂ ಹೊಲಿಗೆ ಮಿಷನ್ನಿಂದಲೇ. ಅಮೆರಿಕದಲ್ಲಿರೋ ನಮ್ಮ ಅಕ್ಕನ ಮಗ ಒಂದು ಸಲ ಬಂದಾಗ ನಳಿಗೆ ಮೇಲಿನ ಅಕ್ಷರ ಓದಿ ಕುಣಿದೇ ಬಿಟ್ಟ. ವಿಂಚೆಸ್ಟರ್ ಕಂಪನಿಯ 1897ರ ಮಾದರಿ ಅದು. ಜಾನ್ ಬ್ರೌನಿಂಗ್ ಅನ್ನೋರು ಮಾಡಿದ ನಕ್ಷೆ. 1957ರವರೆಗೂ ಕಂಪನಿ ಅದನ್ನ ಮಾಡ್ತಾನೇ ಇತ್ತು, ಹತ್ತು ಲಕ್ಷಕ್ಕಿಂತ ಹೆಚ್ಚು ಆಯ್ತು. ಮೊದಲ ಮಹಾಯುದ್ಧಕ್ಕೆ ಅಮೆರಿಕದ ಸಿಪಾಯಿಗಳು ಇಂಥದ್ದನ್ನೇ ಹೊತ್ಕಂಡು ಹೋಗಿದ್ರು, 1918ರಲ್ಲಿ ಜರ್ಮನಿಯವ್ರು ಇದನ್ನ ಬಳಸೂದು ಅನ್ಯಾಯ ಅಂತ ತಕರಾರೂ ಮಾಡಿದ್ರಂತೆ. ಅಲ್ಲಿ ಈಗ್ಲೂ ಜನ ಹೊಸದು ಬಿಟ್ಟು ಇದನ್ನ ಹುಡುಕಿ ತಕಳ್ತಾರೆ. “ಎಂತಕ್ಕಾ?” ಅಂದೆ. ಅವ, “ಚಿಕ್ಕಿ, ನಿನ್ನ ಸಿಂಗರ್ ಮಿಷನ್ ಬಿಟ್ಟು ಹೊಸದು ತಕೋ ಅಂದ್ರೆ ತಕಳ್ತ್ಯಾ?” ಅಂದ.

ನಾ ಸುಮ್ಮನಾದೆ. ಆ ಮಿಷನ್ ನಮ್ಮ ಅಜ್ಜಿದು. ಕರಿ ಬಣ್ಣ ಹೋಗಿದೆ, ಚಿನ್ನದ ಹೂವು ಅರ್ಧ ಅಳಿಸಿದೆ. ಆದ್ರೆ ಚಕ್ರಕ್ಕೆ ಬೆರಳು ತಾಗಿಸಿದ್ರೆ ಸಾಕು, ನೀರಿನ ಹಾಗೆ ಓಡ್ತದೆ. ಮಗಳು ಕೊಡಿಸಿದ ಹೊಸ ಮಿಷನ್ನು ಎರಡು ವರ್ಷಕ್ಕೇ ಕಟಕಟ ಅನ್ನುಕೆ ಹಿಡೀತು. ಹಳೇದ್ರಲ್ಲಿ ಒಂದೊಂದು ಭಾಗನೂ ಗಟ್ಟಿ ಉಕ್ಕು, ಕಡೆದು ಕೂರಿಸಿದ್ದು. ಮೂರು ತಲೆಮಾರಿನ ಕೈ ಅದನ್ನ ನಯ ಮಾಡಿದೆ. ಕೋವಿನೂ ಹಾಗೇ. ಮಾವ ಹಿಡಿಯೋ ಜಾಗದಲ್ಲಿ ಮರದ ಗೀಟುಗಳೆಲ್ಲಾ ಸವೆದು ನಮ್ಮ ಕಡೆಗೋಲಿನ ಹಾಗೆ ಆಗಿದೆ. ಹೊಸ ಪಂಪ್ ಕೋವಿ ಸಿಗೂದಿಲ್ಲ ಅಂತಲ್ಲ, ತಿರುಚ್ಚಿಯ ಸರ್ಕಾರಿ ಕಾರ್ಖಾನೆಯಲ್ಲೇ ಮಾಡಿದ್ರು. ಆದ್ರೆ 1980ರ ದಶಕದಲ್ಲಿ ಹೊರದೇಶದ ಕೋವಿ ಬರೂದು ನಿಂತ ಮೇಲೆ ಇಂಥ ಹಳೇದಕ್ಕೆ ಆಸೆ ಪಡೋರು ಹೆಚ್ಚಾದ್ರು. ಅವ್ರಲ್ಲಿ ಒಬ್ರು ನಮ್ಮ ಕಾರವಾರದ ಭಾವ, ಅತ್ತಿಗೆ ಗಂಡ. ಬಂದ್ರೆ ಮೊದ್ಲು ಚಾ ಅಲ್ಲ, ಕೋವಿ. ಖಾಲಿ ಇದ್ಯಾ ಅಂತ ಎರಡು ಸಲ ನೋಡಿ, ಕಣ್ಣು ಮುಚ್ಕಂಡು ಹಿಡಿಕೆ ಎಳೆದು ನೂಕಿ, “ಆಹಾ” ಅಂತಿದ್ರು, ಸಂಗೀತ ಕೇಳಿದ ಹಾಗೆ.

ಚಂದ ಅಂತ ಹೇಳಿ ಅಪಾಯ ಹೇಳದಿದ್ರೆ ತಪ್ಪಾಗ್ತದೆ. ನಮ್ಮ ಬಚ್ಚಲ ಹಿಂದೆ ತುಳಸಿ ನೆಟ್ಟ ತಾಮ್ರದ ಹಂಡೆ ನೋಡಿದ್ರಲ್ಲ, ಏಳು ತೂತು ಇರೋದು? ಅದು ಇದೇ ಕೋವಿ ಕೆಲಸ. ನಮ್ಮ ಮಗ ಹುಟ್ಟೂಕೆ ಮೊದಲು. ರಾತ್ರಿ ಹಂದಿ ಬಂತು ಅಂತ ಮಾವ ಗಡಿಬಿಡಿಲಿ ಕುದುರೆ ಮೇಲೆ ಬೆರಳಿಟ್ಟೇ ಹಿಡಿಕೆ ನೂಕಿದ್ರು. ಈಗಿನ ಕೋವಿಯಾದ್ರೆ ಬೆರಳು ಬಿಟ್ಟು ಮತ್ತೆ ಒತ್ತಬೇಕು. ಈ ಮಾದರಿಯಲ್ಲಿ ಅದಿಲ್ಲ, ಬೆರಳು ಒತ್ತಿಕೊಂಡೇ ನೂಕಿದ್ರೆ ತಾನಾಗೇ ಹಾರ್ತದೆ. ತಡೆಯೋ ಗುಂಡಿನೂ ಇಲ್ಲ, ಹಿಂದಿನ ಸುತ್ತಿಗೆಯನ್ನ ಅರ್ಧಕ್ಕೆ ನಿಲ್ಲಿಸಿ ಇಡೂದು ಅಷ್ಟೇ. ಐದು ನಿಮಿಷ ಮುಂಚೆ ಅತ್ತೆ ಆ ಹಂಡೆಗೆ ನೀರು ಹೊಯ್ದು ಒಳಗೆ ಬಂದಿದ್ರು. ಮಾವ ಆ ಮೇಲೆ ಆರು ತಿಂಗಳು ಕೋವಿ ಮುಟ್ಲಿಲ್ಲ. ಹಂಡೆ ಎಸೆಯೂಕೂ ಬಿಡ್ಲಿಲ್ಲ.

ಮತ್ತೆ ಚುನಾವಣೆ. ಲೋಕಸಭೆ ಬಂದ್ರೂ, ವಿಧಾನಸಭೆ ಬಂದ್ರೂ, ಪಂಚಾಯ್ತಿ ಬಂದ್ರೂ ಕೋವಿ ತಕಂಡೋಗಿ ಠಾಣೆಗೆ ಇಟ್ಟು ರಸೀದಿ ತರ್ಬೇಕು. ಗದ್ದೆಗೆ ಹಂದಿ ಬರೂದು ಚುನಾವಣೆ ನೋಡ್ಕಂಡಲ್ಲ. ಕೊಡಗಿನವ್ರಿಗೆ ಲೈಸನ್ಸಿನ ವಿನಾಯ್ತಿ ಇದೆ, ಕೈಲ್ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಕಟ್ಟಿ ಪೂಜೆ ಮಾಡ್ತಾರೆ. ನಮಗೆ ಆಯುಧ ಪೂಜೆಗೆ ಹಚ್ಚಿದ ಕುಂಕುಮ ಆರೂದ್ರೊಳಗೆ ನೋಟಿಸು. ಒಂದು ಸಲ ವಾಪಸ್ ಬಂದಾಗ ನಳಿಗೆ ಮೇಲೆ ತುಕ್ಕು ಹಿಡಿದಿತ್ತು. ಮಾವ ಏನೂ ಅನ್ನಲಿಲ್ಲ, ಎರಡು ದಿನ ಕೂತು ಉಜ್ಜಿದ್ರು.

2024ರ ಲೋಕಸಭೆ ಚುನಾವಣೆಗೆ ಇಟ್ಟಿದ್ದು ಅವ್ರು ತಾವೇ ಹೋಗಿ ಇಟ್ಟ ಕೊನೇ ಸಲ. ನಮ್ಮ ಜಿಲ್ಲೆಗೆ ಮೇ 7ಕ್ಕೆ ಮತದಾನ. ಜೂನಲ್ಲಿ ತರೂದು ಅನ್ನುವಷ್ಟರಲ್ಲಿ ಅವ್ರು ಮಲಗಿದ್ರು. ಇವ್ರಿಗೆ ಕಾರವಾರದಲ್ಲಿ ಕೆಲಸ, ವಾರಕ್ಕೊಂದು ಸಲ ಬರೋರು. ಲೈಸನ್ಸ್ ಇದ್ದವ್ರೇ ಬರ್ಬೇಕು ಅಂದ್ರು, ಅವ್ರು ಏಳೂ ಹಾಗಿಲ್ಲ. ಮಾವ ದಿನಾ ಸಂಜೆ ಕೇಳ್ತಿದ್ರು: “ತಂಗಿ, ಕೋವಿ ಬಂತಾ?”

ಒಂದು ದಿನ ನಾ “ಬಂತು ಮಾವ” ಅಂದ್ಬಿಟ್ಟೆ.

“ಎಣ್ಣೆ ಹಾಕಿದ್ಯಾ?”

“ಹಾಕ್ತಾ ಇದ್ದೆ.”

ಅವ್ರಿಗೆ ಕಣ್ಣು ಸರಿ ಕಾಣ್ತಿರ್ಲಿಲ್ಲ, ಆದ್ರೆ ಮೂಗು ಚುರುಕಿತ್ತು. ನಾ ಮಿಷನ್ ಎಣ್ಣೆ ಬಾಟ್ಲಿ ತಂದು, ಅವ್ರದ್ದೇ ಹಳೆ ಪಂಚೆ ತುಂಡಿಗೆ ಹಾಕಿ, ಮಂಚದ ಬದಿಲಿ ಕೂತು ಒನಕೆ ಒರೆಸಿದೆ. ಹೌದು, ಒನಕೆ. ಅವ್ರು ವಾಸನೆ ತಕಂಡು ಮಲಗಿದ್ರು. ಬಾಗಿಲಲ್ಲಿ ಅತ್ತೆ ನಿಂತಿದ್ರು. ಬಯ್ಯುತ್ರು ಅಂದ್ಕಂಡೆ. ಬಯ್ಲಿಲ್ಲ, ದೀಪ ಸಣ್ಣ ಮಾಡಿ ಹೋದ್ರು. ಹೀಗೆ ಎಂಟು ಹತ್ತು ದಿನ. ಶಿರೂರಲ್ಲಿ ಗುಡ್ಡ ಕುಸಿದ ವಾರವೇ ಮಾವ ಹೋದ್ರು. ಹೆದ್ದಾರಿ ಬಂದಾಗಿ ಕುಮಟೆ ಬದಿಯವ್ರು ಯಾರೂ ಬರುಕೆ ಆಗ್ಲಿಲ್ಲ.

ಇವ್ರು ಕೋವಿ ಠಾಣೆಗೇ ಒಪ್ಸಿ ಬಿಡುವಾ ಅಂದ್ರು. ಭಾವ ತಮ್ಮ ಹೆಸರಿಗೆ ಮಾಡಿಸ್ಕಳ್ತೆ, ಚೊಲೋ ದುಡ್ಡು ಕೊಡ್ತೆ ಅಂದ್ರು. ಲೈಸನ್ಸಿನವ್ರು ತೀರಿಕೊಂಡ್ರೆ ಮಗ, ಮಗಳು ಮಾತ್ರ ಅಲ್ಲ, ಅಳಿಯ ಸೊಸೆ ಹೆಸರಿಗೂ ಕೇಳುಕೆ ಬರ್ತದೆ ಅಂತ ಅವ್ರೇ ಹೇಳಿದ್ದು. ಅಳಿಯನಿಗೆ ಬರೂದಾದ್ರೆ ಸೊಸೆಗೆ ಬರೂದಿಲ್ವಾ? ನಾ ಅರ್ಜಿ ಹಾಕ್ತೆ ಅಂದೆ. ಮನೆ ಎಲ್ಲಾ ಸುಮ್ಮನಾಯ್ತು. ವಾರಸುದಾರರೆಲ್ಲಾ ಒಪ್ಪಿಗೆ ಸಹಿ ಹಾಕ್ಬೇಕು. ಇವ್ರು ಹಾಕಿದ್ರು. ಅತ್ತೆ ಹೆಬ್ಬೆಟ್ಟು ಒತ್ತಿದ್ರು. ಅತ್ತಿಗೆ ಸಹಿ ಐದು ತಿಂಗಳು ಬರ್ಲಿಲ್ಲ. ದೀಪಾವಳಿಗೂ ಬರ್ಲಿಲ್ಲ. ಫೋನ್ ಮಾಡಿದ್ರೆ ಮಕ್ಕಳ ಕೈಗೆ ಕೊಡೋರು. ಒಂದು ಕೋವಿಗಾಗಿ ಮೂವತ್ತು ವರ್ಷದ ಸಂಬಂಧ ಹೋಯ್ತಲ್ಲ ಅಂತ ನಾ ಒಂದೆರಡು ರಾತ್ರಿ ಅತ್ತಿದ್ದೂ ಇದೆ. ಅರ್ಜಿ ವಾಪಸ್ ತಕಳ್ತೆ ಅಂತ ಇವ್ರ ಹತ್ರ ಹೇಳಿದ್ದೆ.

ಅದು ಬಿಡಿಸಿದ್ದು 2019ರ ತಿದ್ದುಪಡಿ. ಮೊದಲು ಒಬ್ರಿಗೆ ಮೂರು ಕೋವಿ ಇಡುಕೆ ಇತ್ತು, ಈಗ ಎರಡೇ. ಭಾವನ ಹತ್ರ ಆಗಲೇ ಎರಡಿತ್ತು, ತಾವು ಕೊಂಡ ಜೋಡಿ ನಳಿಗೆಯದೊಂದು, ಅವ್ರ ಅಪ್ಪಂದೊಂದು. ಇದು ಬೇಕಾದ್ರೆ ಒಂದು ಬಿಡ್ಬೇಕು. ಭಾವ ಅಪ್ಪನ ಕೋವಿ ಬಿಡೂಕೆ ತಯಾರಾದ್ರು. ಅದನ್ನ ಕೇಳಿದ ದಿನವೇ ಅತ್ತಿಗೆ ಬಸ್ಸು ಹತ್ತಿ ಬಂದ್ರು. ಜಗಲಿ ಮೇಲೆ ಕೂತು ಕಾಗದ ತೆಗಿ ಅಂದ್ರು. “ತನ್ನ ಅಪ್ಪಂದನ್ನೇ ಬಿಡೋರು ನನ್ನ ಅಪ್ಪಂದನ್ನ ಎಷ್ಟು ದಿನ ಇಟ್ಕಳ್ತ್ರು?” ಸಹಿ ಹಾಕಿ ಊಟ ಮಾಡಿ, ಸಂಜೆ ನನ್ನ ಜೊತೆ ಹಲಸಿನ ಹಪ್ಪಳದ ಡಬ್ಬಿನೂ ತುಂಬಿಸ್ಕಂಡು ಹೋದ್ರು.

ನಿಮ್ಮ ಮನೆಲಿ ವಯಸ್ಸಾದವ್ರ ಹೆಸರಲ್ಲಿ ಕೋವಿ ಇದ್ರೆ ಇಷ್ಟು ತಿಳ್ಕಳಿ: 2016ರ ನಿಯಮದ ಪ್ರಕಾರ 70 ವರ್ಷ ಆದ್ರೆ, ಇಲ್ಲಾ 25 ವರ್ಷ ಕೋವಿ ಇಟ್ಕಂಡಿದ್ರೆ, ಅವ್ರು ಬದುಕಿದ್ದಾಗ್ಲೇ ವಾರಸುದಾರರಿಗೆ ಕೊಡುಕೆ ಬರ್ತದೆ. ನಮ್ಮ ಮಾವನಿಗೆ ಎರಡೂ ಆಗಿತ್ತು, ಯಾರೂ ಹೇಳ್ಲಿಲ್ಲ. ಲೈಸನ್ಸ್ ಈಗ ಐದು ವರ್ಷಕ್ಕೆ. ಹಂದಿಗೆ ಗುರಿ ಇಡೂ ಯೋಚ್ನೆ ಮಾತ್ರ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.

ತರಬೇತಿಗೆ ಹೋದಾಗ ನಾನೊಬ್ಳೇ ಸೀರೆಯವಳು. ಭುಜಕ್ಕೆ ಒದ್ದಿದ್ದು ಮೂರು ದಿನ ನೀಲಿ ಇತ್ತು. ಆದ್ರೆ ಒಂದು ಪಾಠ ನಂಗೆ ಯಾರೂ ಕಲಿಸ್ಬೇಕಾಗ್ಲಿಲ್ಲ, ಬೆರಳು ಎಲ್ಲಿಡಬೇಕು ಅಂತ. ಹಂಡೆ ಕಲಿಸಿತ್ತು.

ಕೋವಿ ಮನೆಗೆ ಬಂದ ಸಂಜೆ ಸೀರೆ ಬಿಚ್ಚಿದ್ರೆ ಮತ್ತೆ ತುಕ್ಕು, ವರ್ಷದ ಮೇಲಾಯ್ತಲ್ಲ. ಗೋಣಿ ಹಾಸಿ ಕೂತೆ. ಅತ್ತೆ ಬಂದು ಎದುರಿಗೆ ಕೂತ್ರು. ಭಾವ ಕೊಡ್ತೆ ಅಂದ ದುಡ್ಡಿನ ಮಾತು ನಾನೇ ತೆಗೆದೆ. ಆ ದುಡ್ಡಿಗೆ ನಿಮ್ಮ ಬಳೆ ಆಗ್ತಿತ್ತು ಅಂದೆ. ಅವ್ರು ಕೈ ಮುಂದೆ ಮಾಡಿ ತೋರಿಸಿದ್ರು. ಗಾಜಿನ ಬಳೆ ಮೊಣಕೈವರೆಗೆ ಜಾರ್ತದೆ. “ಈ ಕೈಗೆ ಎಂತ ಬಳೆ? ನೀ ಎಣ್ಣೆ ಹಾಕು.”

ಎಲ್ಲಾ ಒರೆಸಿ, ಕೂಡಿಸಿ, ಖಾಲಿ ಇದ್ಯಾ ಅಂತ ಮೂರು ಸಲ ನೋಡಿ, ಹಿಡಿಕೆ ಹಿಂದೆ ಎಳೆದೆ. ಖರ್ರ್. ಮುಂದೆ ನೂಕಿದೆ. ಖಟಕ್. ನಾಯಿ ಎದ್ದು ಮಂಚದಡಿಗೆ ಹೋಯ್ತು.

ಅತ್ತೆ ಕೂತಲ್ಲೇ ಹೇಳಿದ್ರು: “ಹಂಡೆ ಬದಿಗೆ ಹಿಡೀಬೇಡ ತಂಗಿ, ತುಳಸಿ ಇದೆ.”