ಎಲೆಗೆ ಅಡ್ಡ ಹಿಡಿದ ಕೈ

ನಮ್ಮ ಆಫೀಸಿನವರು ಟೀಮ್ ಲಂಚ್ ಅಂದ್ರೆ ಕಣ್ಣು ಮುಚ್ಕೊಂಡು ಬಾರ್ಬೆಕ್ಯೂ ಬಫೆಗೇ ಹೋಗ್ತಾರೆ. ಮೇಜಿನ ನಡುವೆ ಕೆಂಡದ ಒಲೆ, ಪಕ್ಕದಲ್ಲಿ ಒಂದು ಪುಟ್ಟ ಬಾವುಟ. ಬಾವುಟ ನಿಂತಿರೋವರೆಗೆ ಕಂಬಿಗೆ ಚುಚ್ಚಿದ ಕೋಳಿ, ಪನೀರು, ಅನಾನಸು ಬರ್ತಾನೇ ಇರುತ್ತೆ. ಸಾಕು ಅನ್ನಿಸಿದಾಗ ಬಾವುಟ ಮಲಗಿಸಿದ್ರೆ ಮುಗೀತು. ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಅಂತ ಬಂತು. 5.7ರಿಂದ 6.4ರವರೆಗೆ ಇದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಅರ್ಥ. ಆಮೇಲೆ ಬಫೆಯಲ್ಲಿ ತಿನ್ನೋ ಕ್ರಮ ಬದಲಾಯಿಸಿದೆ. ಮೊದಲು ತರಕಾರಿ, ಆಮೇಲೆ ಸುಟ್ಟ ಮೀನು, ಕೋಳಿ (ಕಪ್ಪಗೆ ಸೀದ ಅಂಚು ಕೆರೆದು ಬದಿಗೆ), ಕೊನೆಗೆ ಬಿರಿಯಾನಿ ಎರಡೇ ಚಮಚ. ಅನ್ನ, ರೊಟ್ಟಿ ಕೊನೆಗೆ ಹೋದ್ರೆ ರಕ್ತದಲ್ಲಿ ಸಕ್ಕರೆ ಅಷ್ಟು ಜೋರಾಗಿ ಏರಲ್ಲ. ಜಾಮೂನಿನ ಕಡೆ ತಿರುಗಿಯೂ ನೋಡದೆ ಬಾವುಟ ಕೆಡವೋದು. ಸುಲಭ.

ಈ ವಿದ್ಯೆ ಹೊತ್ಕೊಂಡು ಮೇ ತಿಂಗಳಲ್ಲಿ ಊರಿಗೆ ಹೋದೆ. ಮಂಡ್ಯದ ಕಡೆ, ಚಿಕ್ಕಪ್ಪನ ಮಗಳ ಮದುವೆ ಆಗಿತ್ತು, ಗಂಡಿನ ಮನೆಯಲ್ಲಿ ಬೀಗರೂಟ. ಶಾಮಿಯಾನದ ಕೆಳಗೆ ಸೆಕೆ ಅಂದ್ರೆ ಸೆಕೆ. ಎಲೆ ಮೇಲೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕಬಾಬು, ಮೊಟ್ಟೆ. ಎಲೆ ಪಕ್ಕ ಒಂದೊಂದು ತಂಪು ಪಾನೀಯದ ಬಾಟ್ಲು. ಅಂಥ 250 ಎಂಎಲ್ ಬಾಟ್ಲಿನಲ್ಲಿ 25 ಗ್ರಾಂ ಆಸುಪಾಸು ಸಕ್ಕರೆ, ಅಂದ್ರೆ ಐದಾರು ಚಮಚ. ನನ್ನದನ್ನ ಮೆಲ್ಲಗೆ ಎದುರಿಗಿದ್ದ ಹುಡುಗನ ಕಡೆ ತಳ್ಳಿದೆ.

ಪಕ್ಕದಲ್ಲಿ ಅಪ್ಪ ಕೂತಿದ್ದ. ಅಪ್ಪನಿಗೆ 12 ವರ್ಷದಿಂದ ಶುಗರ್. ಹೋದ ವರ್ಷ ಹಿಮ್ಮಡಿಯಲ್ಲಿ ಆದ ಒಂದು ಗಾಯ ವಾಸಿ ಆಗೋಕೆ ನಾಕು ತಿಂಗಳು ಹಿಡೀತು. ಆ ನಾಕು ತಿಂಗಳು ನಾನು ಡ್ರೆಸ್ಸಿಂಗ್ ಫೋಟೋಗಳನ್ನ ವಾಟ್ಸಾಪಲ್ಲಿ ನೋಡ್ತಾ ಮೀಟಿಂಗುಗಳಲ್ಲಿ ಕೂತಿದ್ದೆ.

ಬೀಗರೂಟದ ಮುದ್ದೆ ಚಿಕ್ಕದಲ್ಲ. ಒಂದಕ್ಕೆ 100 ಗ್ರಾಂ ಹಿಟ್ಟು ಅಂತ ಹಿಡಿದ್ರೂ ಅದರಲ್ಲಿ 65 ಗ್ರಾಂ ಪಿಷ್ಟವೇ. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಇದೆ, ಎಲ್ಲ ನಿಜ. ಆದ್ರೆ ‘ಶುಗರಿಗೆ ರಾಗಿ ಒಳ್ಳೇದು’ ಅನ್ನೋದನ್ನ ನಮ್ಮೂರವರು ‘ಎಷ್ಟಾದ್ರೂ ಉಣ್ಬೋದು’ ಅಂತ ಅರ್ಥ ಮಾಡ್ಕೊಂಡವರೆ. ಅಪ್ಪ ಮೊದಲ ಮುದ್ದೆ ಮುಗಿಸ್ತಿದ್ದಂಗೇ ಗಂಡಿನ ಕಡೆಯವರೊಬ್ರು ಇನ್ನೊಂದು ತಂದ್ರು.

“ಉಣ್ಣಿ ಬೀಗ್ರೆ, ನಮ್ಮನೆ ಮುದ್ದೆ ಗಂಟ್ಲಲ್ಲಿ ಇಳಿಯಕಿಲ್ವಾ?”

ನಾನು ಅಪ್ಪನ ಎಲೆಗೆ ಕೈ ಅಡ್ಡ ಹಿಡಿದೆ. “ಬೇಡಿ, ಅಪ್ಪಂಗೆ ಶುಗರ್ ಇದೆ.” ಸ್ವಲ್ಪ ಜೋರಾಗೇ ಹೇಳಿದೆ ಅನ್ಸುತ್ತೆ. ಸಾಲಿನಲ್ಲಿ ಯಾರೋ “ಅಯ್ಯೋ ಪಾಪ” ಅಂದ್ರು. ಅಪ್ಪ ಅನ್ನಕ್ಕೂ ಕಾಯದೆ ಎದ್ದು ಕೈ ತೊಳೆದ.

ದಾರಿಯುದ್ದಕ್ಕೂ ಮಾತಿಲ್ಲ. ಮನೆ ಜಗಲಿ ಮೇಲೆ ಕೂತ್ಮೇಲೆ ಅಂದ: “ನನ್ ಎಲೆಗೆ ಕೈ ಅಡ್ಡ ಇಡಕೆ ನೀನ್ ಯಾವನ್ಲಾ? ಬೀಗರ ಮುಂದೆ ನನ್ನ ಕಾಯಿಲೆಯವನ್ನ ಮಾಡ್ಬುಟ್ಟೆ.”

ಬಫೆಯವನಿಗೆ ನಾನು ಕಡಿಮೆ ತಿಂದಷ್ಟೂ ಲಾಭ. ಇಲ್ಲಿ ಬಡಿಸಿದವನು ಬಹುಶಃ ಸಾಲ ಮಾಡಿ ಮರಿ ಕಡಿಸಿದ್ದ. ಅಪ್ಪ ಚಿಕ್ಕವನಿದ್ದಾಗ ಅವನಿಗೆ ಬಾಡು ಸಿಗ್ತಿದ್ದದ್ದು ಮಾರಿಹಬ್ಬಕ್ಕೇ. ನನ್ನ ಹತ್ರ ರಿಪೋರ್ಟಿನ ನಂಬರುಗಳಿದ್ವು, ಅಪ್ಪನ ಹತ್ರ ಈ ಲೆಕ್ಕ ಇತ್ತು. ಆದ್ರೂ ಆ ಹಿಮ್ಮಡಿ ನೆನಪಾದ್ರೆ ನಾನು ಮಾಡಿದ್ದು ಪೂರ್ತಿ ತಪ್ಪು ಅಂತ ಒಪ್ಪೋಕೆ ಈಗಲೂ ಆಗ್ತಿಲ್ಲ.

ಎರಡು ದಿನ ಬಿಟ್ಟು ಅವ್ವ ಅಂದ್ಲು: “ತಡೆಯದಾದ್ರೆ ಎಲೆ ಮುಂದೆ ಅಲ್ಲ ಕಣ್ಲಾ ಮಗ, ಒಲೆ ಮುಂದೆ ತಡೀಬೇಕು.”

ಮುಂದಿನ ವಾರ ನಮ್ಮ ಕಡೆಯ ಬೀಗರೂಟ. ಅವ್ವ ಬೆಳಿಗ್ಗೆನೇ ಭಟ್ಟರ ಹತ್ರ ನಿಂತು ಮುದ್ದೆ ಗಾತ್ರ ಇಳಿಸಿದ್ಲು, ಎಲ್ಲರಿಗೂ. “ಬೇಕಾದೋರು ಎರಡು ಈಸ್ಕತಾರೆ” ಅಂದ್ಲು. ಬಾಟ್ಲುಗಳ ಜಾಗಕ್ಕೆ ಹಂಡೆಯಲ್ಲಿ ಮಜ್ಜಿಗೆ ಬಂತು. ಚಿಕ್ಕಪ್ಪ ಒಂದು ಗಳಿಗೆ ಗೊಣಗಿದ, ಬಿಲ್ಲು ಕಡಿಮೆ ಆಗುತ್ತೆ ಅಂತ ಗೊತ್ತಾದ್ಮೇಲೆ ಸುಮ್ನಾದ.

ಅಪ್ಪನಿಗೆ ಯಾರೂ ಏನೂ ಹೇಳಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಮೆತ್ತನೆ ಎಂಸಿಆರ್ ಚಪ್ಪಲಿ ಮೆಟ್ಕೊಂಡು, ಈರುಳ್ಳಿ ಸೌತೆಕಾಯಿ ತಟ್ಟೆ ಎತ್ಕೊಂಡು ತಾನೇ ಬಡಿಸೋಕೆ ಇಳಿದ. ಬಡಿಸೋನಿಗೆ ಯಾರೂ ಬಲವಂತ ಮಾಡಲ್ಲ. ಅವನು ಉಣ್ಣೋದು ಕೊನೇ ಸಾಲಲ್ಲಿ, ತನಗೆ ಬೇಕಾದಷ್ಟೇ.

ನನ್ನ ಎಲೆ ಹತ್ರ ಬಂದು ಒಂದು ಹಿಡಿ ಸೌತೆಕಾಯಿ ಸುರಿದ. ಆಮೇಲೆ ಹಿಂದೆ ಬರ್ತಿದ್ದ ಮುದ್ದೆಯವನನ್ನ ಕರೆದ: “ಇವನ್ಗೆ ಇನ್ನೊಂದ್ ಇಕ್ಲಾ, ಬೆಂಗ್ಳೂರಿಂದ ಬಂದವ್ನೆ.”

ನಾನು ಕೈ ಅಡ್ಡ ಹಿಡೀಲಿಲ್ಲ.